ಪಿಡಿಎಫ್ ತಂತ್ರಾಂಶಕ್ಕೆ ದುಡ್ಡು ಕಟ್ಟುವ ಮೊದಲು

ಪಿಡಿಎಫ್ ತಿದ್ದಲು ತಂತ್ರಾಂಶ ಕೊಳ್ಳುವ ಮೊದಲು, ಕಡತದಿಂದ ಒತ್ತಕ್ಷರವಿರುವ ಒಂದು ಪದವನ್ನು ನಕಲಿಸಿ ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ. ನಮ್ಮೂರಿನ ಹೆಸರೇ ಸಾಕು: ‘ಚಿಕ್ಕಬಳ್ಳಾಪುರ’ದಲ್ಲಿ ಎರಡು ಒತ್ತುಗಳಿವೆ. ಪದ ಸರಿಯಾಗಿ ಬಂದರೆ ಒಳಗಿರುವುದು ಯೂನಿಕೋಡ್ ಪಠ್ಯ, ಅಂದರೆ ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಅಕ್ಷರಗಳು. ಲಿಬ್ರೆಆಫೀಸ್ ಡ್ರಾ ಎಂಬ ಉಚಿತ ತಂತ್ರಾಂಶದಲ್ಲೇ ತೆರೆದು ತಿದ್ದಿ, ಮತ್ತೆ ಪಿಡಿಎಫ್ ಮಾಡಬಹುದು. ಕಡತ ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ, ಆಧಾರ್ ಸಂಖ್ಯೆ ಇರುವ ಅರ್ಜಿಗಳಿಗೆ ಇದೇ ವಾಸಿ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ಅದು ಬಹುತೇಕ ಹಳೆಯ ‘ನುಡಿ’ ತಂತ್ರಾಂಶದ ಮಾದರಿಯ ಫಾಂಟ್, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದು. ಎಷ್ಟೇ ದುಬಾರಿ ತಂತ್ರಾಂಶ ಕೊಂಡರೂ ಪಠ್ಯವನ್ನು ಮೊದಲು ಯೂನಿಕೋಡ್ ಪರಿವರ್ತಕದಲ್ಲಿ ಹಾಯಿಸಲೇಬೇಕು. ಪದ ಆಯ್ಕೆಯೇ ಆಗದಿದ್ದರೆ ಬಹುತೇಕ ಅದು ಸ್ಕ್ಯಾನ್ ಮಾಡಿದ ಚಿತ್ರ. ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳನ್ನು ಗುರುತಿಸಿ ಕೊಡುತ್ತದೆ, ಆದರೆ ಕೋಷ್ಟಕಗಳು ಚೆಲ್ಲಾಪಿಲ್ಲಿ. ಡ್ರಾಗೂ ಮಿತಿಯಿದೆ: ಒಂದೊಂದು ಸಾಲನ್ನೂ ಬಿಡಿ ತುಂಡಾಗಿ ಹಿಡಿಯುವುದರಿಂದ ದಿನಾಂಕ, ಹೆಸರು ತಿದ್ದಲು ಚೆನ್ನ, ಇಡೀ ಪ್ಯಾರಾ ಬದಲಿಸಲು ಹೊರಟರೆ ಹೊಸದಾಗಿ ಟೈಪ್ ಮಾಡುವುದೇ ಬೇಗ. ಪುಟ ಕೂಡಿಸಲು, ಬೇರ್ಪಡಿಸಲು ಮಾತ್ರವಾದರೆ ಪಿಡಿಎಫ್‌ಸ್ಯಾಮ್ ಬೇಸಿಕ್ ಉಚಿತವಾಗಿಯೇ ಸಿಗುತ್ತದೆ.