ಸಿಪ್ರೋಫ್ಲಾಕ್ಸಾಸಿನ್‌ನಿಂದ ಹೊಸ ಡೆರಿವೇಟಿವ್: ಮೊದಲು ಕಾಲಂ, ಆಮೇಲೆ ಫ್ಲಾಸ್ಕ್

ನನ್ನ ಬೆಂಚಿಗೆ ಬರುವ ಹೊಸಬರಿಗೆಲ್ಲ ನಾನು ಮೊದಲು ಎಚ್‌ಪಿಎಲ್‌ಸಿ (ಮಿಶ್ರಣವನ್ನು ಕಾಲಂ ಮೂಲಕ ಹರಿಸಿ ಬೇರ್ಪಡಿಸುವ ಯಂತ್ರ) ಮೆಥಡ್ ಸರಿಮಾಡಿಸುತ್ತೇನೆ. ರಿಯಾಕ್ಷನ್ ಆಮೇಲೆ. ಮೂಲ ಔಷಧ ಸಿಪ್ರೋಫ್ಲಾಕ್ಸಾಸಿನ್ ಒಂದು ಆಂಟಿಬಯೋಟಿಕ್. ಅದರ ಪೀಕ್ (ಗ್ರಾಫ್‌ನಲ್ಲಿ ಏಳುವ ಗುಡ್ಡ) ಎಲ್ಲಿ ಬರುತ್ತದೆಂದು ಗೊತ್ತಿಲ್ಲದೆ, ಅದರಿಂದ ಮಾಡಿದ ಹೊಸದನ್ನು, ಅಂದರೆ ಡೆರಿವೇಟಿವನ್ನು, ಹುಡುಕುವುದು ಹೇಗೆ, ಅಲ್ವಾ?

ಸಿ18 ಕಾಲಂ (18 ಕಾರ್ಬನ್‌ನ ಸರಪಳಿ ಅಂಟಿಸಿದ ಸಿಲಿಕಾ ತುಂಬಿದ್ದು), ಪಿಎಚ್ 3ರ ಫಾಸ್ಫೇಟ್ ಬಫರ್, ಅಸಿಟೋನೈಟ್ರೈಲ್. ಪಿಎಚ್ ಹೊಂದಿಸಲು ಟ್ರೈಇಥೈಲ್‌ಅಮೀನ್ ಬಳಸಿ. ಸಿಲಿಕಾದ ಮೇಲಿನ ಸಿಲನಾಲ್ (Si-OH) ಗುಂಪುಗಳು ಔಷಧದ ಅಮೀನನ್ನು ಹಿಡಿದೆಳೆದು ಪೀಕ್‌ಗೆ ಬಾಲ ಬರಿಸುತ್ತವೆ. ಟ್ರೈಇಥೈಲ್‌ಅಮೀನ್ ಅವುಗಳ ಬಾಯಿ ಮುಚ್ಚಿಸುತ್ತದೆ. ಮೂಲ ಔಷಧಕ್ಕೆ 13% ಅಸಿಟೋನೈಟ್ರೈಲ್ ಸಾಕು. ಹೊಸದಕ್ಕೆ ಸಾಲದು, 10ರಿಂದ 70%ಗೆ ನಿಧಾನವಾಗಿ ಏರುವ ಗ್ರೇಡಿಯೆಂಟ್ ಹಾಕಿ.

ಈಗ ರಿಯಾಕ್ಷನ್. ಪಿಪೆರಜಿನ್ ತುದಿಯ ಎನ್‌ಎಚ್‌ಗೆ ಬೆಂಜಾಯಿಲ್ ಸೇರಿಸೋಣ. ಕಾರ್ಬಾಕ್ಸಿಲ್ ಮತ್ತು ಪಕ್ಕದ ಕೀಟೋ ಮುಟ್ಟಬೇಡಿ, ಬ್ಯಾಕ್ಟೀರಿಯಾದ ಗೈರೇಸ್ ಎಂಬ ಕಿಣ್ವದ ಮೇಲೆ ಔಷಧ ಕೂರಲು ಅವು ಬೇಕು. ಹೈಡ್ರೋಕ್ಲೋರೈಡ್ ಅಲ್ಲ, ಫ್ರೀ ಬೇಸ್ ತೆಗೆದುಕೊಳ್ಳಿ: 331 ಮಿಗ್ರಾಂ, ಅಂದರೆ 1 ಮಿಲಿಮೋಲ್. ಒಣ ಡೈಕ್ಲೋರೋಮೀಥೇನ್‌ನಲ್ಲಿ ಅದು ಕರಗದೆ ಹಾಗೇ ತೇಲುತ್ತದೆ, ಗಾಬರಿ ಬೇಡ. 2.5 ಈಕ್ವಿವಲೆಂಟ್ (ಔಷಧದ ಮೋಲ್‌ಗಳ 2.5 ಪಟ್ಟು) ಟ್ರೈಇಥೈಲ್‌ಅಮೀನ್ ಹಾಕಿ, ಐಸ್‌ನಲ್ಲಿಟ್ಟು, 1.1 ಈಕ್ವಿವಲೆಂಟ್ ಬೆಂಜಾಯಿಲ್ ಕ್ಲೋರೈಡನ್ನು ಹನಿಹನಿಯಾಗಿ ಬಿಡಿ. ಎಲ್ಲ ಫ್ಯೂಮ್ ಹುಡ್‌ನಲ್ಲೇ, ಇದರ ಆವಿ ಕಣ್ಣು ಉರಿಸುತ್ತದೆ.

ಬೆಂಜಾಯಿಲ್ ಕ್ಲೋರೈಡ್ ಜಾಸ್ತಿ ಹಾಕಿದರೆ ಬೇಗ ಮುಗಿಯುತ್ತದೆ ಅಂತ ಅನಿಸಬಹುದು. ಆಗ ಕಾರ್ಬಾಕ್ಸಿಲ್ ಮೇಲೂ ಕೂತು ಮಿಶ್ರ ಅನ್‌ಹೈಡ್ರೈಡ್ ಆಗುತ್ತದೆ. ಅದಕ್ಕೇ ರಿಯಾಕ್ಷನ್ ನಿಲ್ಲಿಸಲು ನೀರು ಹಾಕಿ, ಮೆಥನಾಲ್ ಬೇಡ. ಮೆಥನಾಲ್ ಹಾಕಿದರೆ ಮೀಥೈಲ್ ಎಸ್ಟರ್ ಹುಟ್ಟಿಕೊಳ್ಳಬಹುದು. ಚಂದದ ಹೊಸ ಪೀಕ್, ಆದರೆ ನಿಮಗೆ ಬೇಕಾದದ್ದಲ್ಲ.

ಟಿಎಲ್‌ಸಿಯಲ್ಲಿ (ತೆಳುಪದರದ ಕ್ರೊಮ್ಯಾಟೋಗ್ರಫಿ) 365 ನ್ಯಾನೋಮೀಟರ್ ದೀಪ ಹಿಡಿಯಿರಿ, ಮೂಲ ಔಷಧ ನೀಲಿಯಾಗಿ ಹೊಳೆಯುತ್ತದೆ. ಚುಕ್ಕೆ ಗೀರಾಗಿ ಎಳೆದರೆ ದ್ರಾವಕಕ್ಕೆ ಅಮೋನಿಯಾ ಸೇರಿಸಿ.

ಎಚ್‌ಪಿಎಲ್‌ಸಿಯಲ್ಲಿ ಹೊಸ ಪೀಕ್ ತಡವಾಗಿ ಬರಬೇಕು, ಯಾಕೆಂದರೆ ಚಾರ್ಜ್ ಹೊರುವ ಅಮೀನ್ ಈಗ ಅಮೈಡ್. ಆದರೆ ತಡವಾಗಿ ಬಂದದ್ದೆಲ್ಲ ನಿಮ್ಮದಲ್ಲ! ಉಳಿದ ಬೆಂಜಾಯಿಲ್ ಕ್ಲೋರೈಡ್ ನೀರು ತಾಗಿ ಬೆಂಜಾಯಿಕ್ ಆಸಿಡ್ ಆಗುತ್ತದೆ, ಈ ಪಿಎಚ್‌ನಲ್ಲಿ ಅದು ಕೂಡ ಕಾಲಂನಲ್ಲಿ ನಿಂತು ಬರುತ್ತದೆ. ಸುಮ್ನೆ ಊಹಿಸಬೇಡಿ, ಅದನ್ನು ಬೇರೆಯಾಗಿ ಇಂಜೆಕ್ಟ್ ಮಾಡಿ ನೋಡಿ. 278 ಮತ್ತು 230 ನ್ಯಾನೋಮೀಟರ್ ಎರಡರಲ್ಲೂ ಓಡಿಸಿ: ಔಷಧದ ಕ್ವಿನೊಲೋನ್ ಚೌಕಟ್ಟು 278ರಲ್ಲಿ ಎದ್ದು ಕಾಣುತ್ತದೆ, ಬೆಂಜಾಯಿಕ್ ಆಸಿಡ್ 230ರಲ್ಲಿ. ಕೊನೆಯ ಮಾತು ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ನದು. 332 (ಮೂಲ ಔಷಧದ 331ಕ್ಕೆ ಒಂದು ಪ್ರೋಟಾನ್ ಸೇರಿ) ಹೋಗಿ 436 ಬಂದಿರಬೇಕು. 450 ಕಂಡರೆ ಮೀಥೈಲ್ ಎಸ್ಟರ್.

ಸ್ಯಾಂಪಲ್‌ಗಳನ್ನು ಅಂಬರ್ ವಯಲ್‌ನಲ್ಲೇ ಇಡಿ, ಬೆಳಕಿಗೆ ಇವು ಒಡೆಯುತ್ತವೆ. ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ, ಅದು ಆಂಟಿಬಯೋಟಿಕ್ ತ್ಯಾಜ್ಯದ ಡಬ್ಬಿಗೇ ಹೋಗಬೇಕು.