ಹಳೆಯ ಲ್ಯಾಪ್‌ಟಾಪ್‌ನ ಪರದೆ ಕೆಟ್ಟಾಗ: ರಿಪೇರಿ ಮಾಡಿಸಬೇಕೆ, ಬೇಡವೆ?

ಮಡಿಕೇರಿಯ ಮಳೆಗಾಲದ ತೇವದಲ್ಲಿ ಲ್ಯಾಪ್‌ಟಾಪ್‌ನ ಪರದೆ ಮಿನುಗತೊಡಗಿದರೆ ಅಥವಾ ಅದರಲ್ಲಿ ಗೆರೆಗಳು ಮೂಡಿದರೆ ಕೂಡಲೇ ಹೊಸ ಪರದೆಗೆ ಹಣ ತೆರಬೇಕಾಗಿಲ್ಲ. ದೋಷ ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಮನೆಯಲ್ಲಿಯೇ ಪತ್ತೆ ಹಚ್ಚಬಹುದು. ಮೊದಲು ಎಚ್‌ಡಿಎಂಐ ಕೇಬಲ್ ಮೂಲಕ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ. ಅಲ್ಲಿಯೂ ಅದೇ ಮಿನುಗು ಅಥವಾ ಗೆರೆಗಳು ಕಂಡರೆ ತೊಂದರೆ ಇರುವುದು ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್‌ನಲ್ಲಿ ಅಥವಾ ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್‌ನಲ್ಲಿ. ಪರದೆ ಬದಲಿಸಿ ಪ್ರಯೋಜನವಿಲ್ಲ.

ಟಿವಿಯಲ್ಲಿ ಚಿತ್ರ ಸ್ವಚ್ಛವಾಗಿದ್ದರೆ ಲ್ಯಾಪ್‌ಟಾಪ್‌ನ ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ಬಾಗಿಸಿ ನೋಡಿ. ಒಂದು ಕೋನದಲ್ಲಿ ಸರಿಯಾಗಿದ್ದ ಚಿತ್ರ ಇನ್ನೊಂದರಲ್ಲಿ ಮಾಯವಾಗುವುದಾದರೆ, ಕೀಲಿನ ಬಳಿ ಹಾದುಹೋಗುವ ತೆಳುವಾದ ಕೇಬಲ್ ಸವೆದಿರುವ ಸಾಧ್ಯತೆಯೇ ಹೆಚ್ಚು, ಮತ್ತು ಸಾಮಾನ್ಯವಾಗಿ ಅದು ಪರದೆಗಿಂತ ಅಗ್ಗ. ಪರದೆ ಪೂರ್ತಿ ಕಪ್ಪಾಗಿದ್ದರೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಐಕಾನ್‌ಗಳು ಮಸುಕಾಗಿ ಕಂಡರೆ ಹಿಂಬದಿಯ ಬೆಳಕಿನ ವ್ಯವಸ್ಥೆ ಕೈಕೊಟ್ಟಿದೆ ಎಂದು ತಿಳಿಯಬಹುದು.

ಪರದೆಯೇ ಕೆಟ್ಟಿದ್ದರೆ, ಅದರ ಹಿಂಬದಿಯಲ್ಲಿರುವ ಮಾದರಿ ಸಂಖ್ಯೆಯನ್ನೂ ಕೇಬಲ್ ಸಿಕ್ಕಿಸುವ ಕನೆಕ್ಟರ್ 30 ಪಿನ್ನಿನದೋ 40 ಪಿನ್ನಿನದೋ ಎಂಬುದನ್ನೂ ಬರೆದುಕೊಂಡು, ಕುಶಾಲನಗರದಲ್ಲಿಯೂ ಮೈಸೂರಿನಲ್ಲಿಯೂ ದರ ವಿಚಾರಿಸಿ. ಅದೇ ಮಾದರಿಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಖರ್ಚು ಹೆಚ್ಚಾದರೆ ರಿಪೇರಿ ಬೇಡವೆಂಬುದು ನನ್ನ ಅಭಿಪ್ರಾಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ವಿಂಡೋಸ್ 11 ಒಪ್ಪದ ಯಂತ್ರದ ಮೇಲೆ ಹಣ ಹಾಕುವ ಮುನ್ನ ಇನ್ನೊಮ್ಮೆ ಯೋಚಿಸಿ. ಕಾಫಿ ತೋಟದ ಲೆಕ್ಕ ಬರೆಯುವುದಕ್ಕಷ್ಟೇ ಬೇಕಾದರೆ ಮೇಜಿನ ಮೇಲೊಂದು ಹಳೆಯ ಮಾನಿಟರ್ ಇಟ್ಟು ಲ್ಯಾಪ್‌ಟಾಪ್‌ಗೆ ಜೋಡಿಸಿಕೊಂಡರೆ ಧಾರಾಳವಾಗಿ ಸಾಕು. ಏನೇ ನಿರ್ಧರಿಸಿದರೂ ಅಂಗಡಿಗೆ ಕೊಡುವ ಮುನ್ನ ಕಡತಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ.