ದೋಣಿಯ ಫೋಮ್ ಕಿತ್ತು ಕಾರ್ಪೆಟ್ ಹಾಸಿದ್ದು: ನನ್ನ ಅನುಭವ

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಕಾಫಿ ತೋಟ. ತೋಟದ ತಗ್ಗಿನಲ್ಲಿ ಕೆರೆ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುವುದು ಈ ಕೆರೆಯ ನೀರಿನಿಂದಲೇ. ಕೆರೆಯಲ್ಲಿ 12 ಅಡಿ ಉದ್ದದ ಫೈಬರ್ ದೋಣಿ ಇಟ್ಟಿದ್ದೇವೆ. ಪಂಪಿನ ಪೈಪು ನೀರೆಳೆಯುವ ತುದಿಯಲ್ಲಿರುವ ಫುಟ್‌ವಾಲ್ವ್‌ಗೆ ಕಸ ಸಿಕ್ಕಿಕೊಂಡರೆ ಬಿಡಿಸಬೇಕು, ಅಂತರಗಂಗೆ ಎಳೆದು ದಡಕ್ಕೆ ಹಾಕಬೇಕು, ಹೋಂಸ್ಟೇಗೆ ಬಂದವರನ್ನು ಸಂಜೆ ಲೈಫ್ ಜಾಕೆಟ್ ತೊಡಿಸಿ ಒಂದು ಸುತ್ತು ಕರೆದೊಯ್ಯಬೇಕು. ಎಲ್ಲಕ್ಕೂ ಅದೊಂದೇ ದೋಣಿ.

ದೋಣಿ ತಂದಾಗ ಅದರ ನೆಲಕ್ಕೆ 6 ಮಿ.ಮೀ. ದಪ್ಪದ ಇವಿಎ ಫೋಮ್ (ರಬ್ಬರಿನಂಥ ಮೆತ್ತನೆಯ ಪ್ಲಾಸ್ಟಿಕ್ ಹಾಳೆ) ಅಂಟಿಸಿದ್ದರು. ಕಾಲಿಗೆ ಮೆತ್ತಗೆ, ನೋಡಲು ಚೆಂದ. ಎರಡು ಮಳೆಗಾಲ ಚೆನ್ನಾಗಿತ್ತು. ಮೂರನೇ ಬೇಸಿಗೆಯಲ್ಲಿ ಬಿಸಿಲಿಗೆ ಫೋಮ್ ಕುಗ್ಗಿ ಹಾಳೆಗಳ ನಡುವೆ ಬೆರಳು ಹೋಗುವಷ್ಟು ಸಂದು ಬಿತ್ತು. ಫೋಮ್ ನೀರು ಕುಡಿಯುವುದಿಲ್ಲ ನಿಜ. ಆದರೆ ಸಂದಿನಲ್ಲಿ ಇಳಿದ ನೀರು ಅದರ ಅಡಿಯಲ್ಲೇ ನಿಂತುಬಿಡುತ್ತದೆ. ಜುಲೈ, ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಅಂಚುಗಳು ಎದ್ದವು, ಅಡಿಯಲ್ಲಿ ಕಪ್ಪು ಬೂಷ್ಟು ಹಿಡಿಯಿತು. ಒಂದು ಸಂಜೆ ಎದ್ದ ಮೂಲೆಯಡಿಯಿಂದ ಜಿಗಣೆ ಹೊರಬಂದು ಪುಟ್ಟ ಹುಡುಗಿಯೊಬ್ಬಳ ಕಾಲಿಗೆ ಹತ್ತಿತು. ಆ ಮಗು ಅತ್ತಿದ್ದು ನನಗೆ ಬಹಳ ಬೇಸರ ತಂದಿತು. ಈ ಫೋಮ್ ಇನ್ನು ಬೇಡ ಅಂತ ಅವತ್ತೇ ತೀರ್ಮಾನ ಮಾಡಿದೆ.

ಕೆಲಸಕ್ಕೆ ಏಪ್ರಿಲ್ ಆರಿಸಿಕೊಂಡೆ. ನೀರು ಹಾಯಿಸಿ ಮುಗಿದಿರುತ್ತದೆ, ಕೆರೆ ಇಳಿದಿರುತ್ತದೆ, ದೋಣಿ ಎಳೆಯುವುದು ಸುಲಭ. ಗೋಡೌನಿನ ಮುಂದಿನ ತೆರೆದ ಶೆಡ್ಡಿಗೆ ತಂದು ಎರಡು ಮರದ ದಿಮ್ಮಿಗಳ ಮೇಲೆ ಕೂರಿಸಿದೆವು. ಕೆರೆಯಿಂದ ದೂರ ತಂದದ್ದು ಬೇಕೆಂದೇ. ಅಂಟು ಬಿಡಿಸುವ ಎಣ್ಣೆಗಳ ಒಂದು ಹನಿಯೂ ಆ ನೀರಿಗೆ ಬೀಳಬಾರದು.

ಫೋಮ್ ಕೀಳುವುದು ಒಂದು ಗಂಟೆಯ ಕೆಲಸ ಅಂದುಕೊಂಡಿದ್ದೆ. ಎಳೆದರೆ ಮೇಲಿನ ಪದರ ಮಾತ್ರ ಹರಿದು ಬಂತು. ಕೆಳಗೆ ತೆಳು ಫೋಮ್ ಪದರವೂ ಅದರಡಿಯ ಅಂಟೂ ಹಾಗೇ ಉಳಿದವು. ಆಮೇಲೆ ದಾರಿ ಬದಲಿಸಿದೆ. ಕಟರ್‌ನಿಂದ ಫೋಮನ್ನು ನಾಲ್ಕು ಇಂಚು ಅಗಲದ ಪಟ್ಟಿಗಳಾಗಿ ಗೀರಿದೆ. ಬ್ಲೇಡನ್ನು ಎರಡು ಮಿ.ಮೀ. ಮಾತ್ರ ಹೊರಗಿಟ್ಟು ಮೇಲ್ಮೇಲೆ ಗೀರಬೇಕು. ಕೆಳಗಿರುವ ಜೆಲ್‌ಕೋಟ್, ಅಂದರೆ ಫೈಬರನ್ನು ಕಾಯುವ ಹೊಳಪಿನ ಮೇಲ್ಪದರ, ಅರ್ಧ ಮಿ.ಮೀ. ಆಸುಪಾಸಿನ ದಪ್ಪ ಅಷ್ಟೆ, ಅದನ್ನು ಸೀಳಿದರೆ ನೀರು ಫೈಬರಿಗೆ ಇಳಿಯುತ್ತದೆ. ಪಟ್ಟಿಯ ತುದಿಗೆ ಹೇರ್ ಡ್ರೈಯರ್ ಹಿಡಿದು, ಅಂಟು ಮೆತ್ತಗಾದ ಹಾಗೆ ಮೆಲ್ಲಗೆ ಹಿಂದಕ್ಕೆ ಮಡಚಿ ಎಳೆದೆ. ಮೇಲಕ್ಕೆ ಜಗ್ಗಬಾರದು, ಚಾಪೆ ಸುತ್ತುವ ಹಾಗೆ ನೆಲಕ್ಕೆ ಒರಗಿಸಿಕೊಂಡೇ ಎಳೆಯಬೇಕು. ಹಾಗೆ ಮಾಡಿದಾಗ ಇಡೀ ಪಟ್ಟಿ ಬಂತು. ಹೀಟ್ ಗನ್ ಮನೆಯಲ್ಲಿತ್ತು, ಆದರೂ ಮುಟ್ಟಲಿಲ್ಲ. ಜಾಸ್ತಿ ಬಿಸಿಯಾದರೆ ಫೈಬರಿನ ರೆಸಿನ್ನೇ ಮೆತ್ತಗಾಗುತ್ತದೆ. ಕೈಯಿಟ್ಟರೆ ತಡೆದುಕೊಳ್ಳುವಷ್ಟು ಬಿಸಿ ಸಾಕು.

ಫೋಮ್ ಹೋಯಿತು, ಅಂಟು ಉಳಿಯಿತು. ನಿಜವಾದ ಕೆಲಸ ಶುರುವಾದದ್ದು ಇಲ್ಲಿಂದ.

ಬೆಳಿಗ್ಗೆ ಆ ಅಂಟು ಗಟ್ಟಿಯಾಗಿತ್ತು, ಉಗುರಿಗೆ ಬಗ್ಗಲಿಲ್ಲ. ಮಧ್ಯಾಹ್ನದ ಸೆಕೆಗೆ ಬೆರಳಿಟ್ಟರೆ ಎಳೆ ಎಳೆಯಾಗಿ ಬರತೊಡಗಿತು. ಜೊತೆಗಿದ್ದ ತೋಟದ ಹುಡುಗ, "ಅಕ್ಕಾ, ಇದು ಹಲಸಿನ ಮೇಣದ ಹಾಗೇ ಇದೆ. ಕೊಬ್ಬರಿ ಎಣ್ಣೆ ಹಚ್ಚಿ ನೋಡೋಣ್ವಾ?" ಅಂದ. ಹಲಸು ಬಿಡಿಸುವವರಿಗೆಲ್ಲ ಗೊತ್ತಿರುವ ಮಾತು ಅಲ್ವಾ? ಒಂದು ಅಡಿ ಜಾಗಕ್ಕೆ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಾಸಿ ರಾತ್ರಿ ಬಿಟ್ಟೆವು. ಬೆಳಿಗ್ಗೆ ನೋಡಿದರೆ ಅವನ ಮಾತು ನಿಜವಾಗಿತ್ತು. ಅಂಟು ಜಿಗುಟು ಕಳೆದುಕೊಂಡು ಬಿದಿರಿನ ಚಕ್ಕೆಗೇ ಎದ್ದು ಬಂತು. ಆದರೆ ಇಡೀ ದೋಣಿಗೆ ಹೀಗೆ ಮಾಡಿದರೆ ಎಣ್ಣೆಯೂ ತುಂಬಾ ಬೇಕು, ದಿನವೂ ತುಂಬಾ ಬೇಕು. ಎಣ್ಣೆಯ ಪಸೆ ಸ್ವಲ್ಪ ಉಳಿದರೂ ಮುಂದೆ ಹೊಸ ಅಂಟು ಹಿಡಿಯುವುದಿಲ್ಲ. ಮೂಲೆಮುಡುಕಿಗೆ ಮಾತ್ರ ಎಣ್ಣೆ ಇಟ್ಟುಕೊಂಡೆ. ಕೈಗೆ ಹತ್ತಿದ ಅಂಟಿಗಂತೂ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಮುಂದೆ ಒಂದು ತಪ್ಪು ಮಾಡಿದೆ. ಪೇಂಟ್ ಮಾಡುವಾಗ ಉಳಿದಿದ್ದ ಎನ್‌ಸಿ ಥಿನ್ನರ್ ಇತ್ತು. ಹಿಂಬದಿಯ ಸೀಟಿನ ಹತ್ತಿರ ಥಿನ್ನರ್ ಬಟ್ಟೆ ಹಾಸಿ, ಫೋನ್ ಬಂತೆಂದು ಒಳಗೆ ಹೋದೆ. ಹತ್ತು ನಿಮಿಷವಾಗಿರಬಹುದು. ಬಂದು ಬಟ್ಟೆ ಎತ್ತಿದರೆ ಅಂಟೂ ಕರಗಿತ್ತು, ಅಡಿಯ ಜೆಲ್‌ಕೋಟೂ ಮಂಕಾಗಿ ಮೆತ್ತಗಾಗಿತ್ತು. ಬೆರಳಿಟ್ಟಲ್ಲಿ ಬೆರಳಿನ ಗೆರೆಗಳು ಮೂಡಿದವು. ಆ ಗುರುತು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಜಾಗವನ್ನು ಉಜ್ಜದೆ ಎರಡು ದಿನ ಗಾಳಿಗೆ ಬಿಟ್ಟೆ. ಮತ್ತೆ ಗಟ್ಟಿಯಾದ ಮೇಲೆ 600ರ ನೀರ್ಕಾಗದ (ನೀರು ಹಾಕಿ ಉಜ್ಜುವ ಮರಳುಕಾಗದ), ಅದರ ಮೇಲೆ 1000ದ್ದು ಹಾಕಿ ನಯ ಮಾಡಿದೆ. ಮೊದಲಿನ ಹೊಳಪು ಬರಲಿಲ್ಲ. ಥಿನ್ನರ್, ಅಸಿಟೋನ್ ಬಳಸಲೇಬೇಕಾದರೆ ಬಟ್ಟೆಗೆ ಸ್ವಲ್ಪ ಹಾಕಿ ಒಂದೇ ಸಲ ಒರೆಸಿ ತೆಗೆಯಬೇಕು. ನೆನೆಯಲು ಬಿಡಲೇಬಾರದು.

ಕೊನೆಗೆ ಕೈಹಿಡಿದದ್ದು ಪೇಂಟ್ ಅಂಗಡಿಯ ಮಾಮೂಲಿ ಮಿನರಲ್ ಟರ್ಪೆಂಟೈನ್. ಎರಡು ಅಡಿ ಜಾಗ ಹಿಡಿದುಕೊಂಡು ಹಳೆಯ ಬನಿಯನ್ ಬಟ್ಟೆಯನ್ನು ಅದರಲ್ಲಿ ಒದ್ದೆ ಮಾಡಿ ಹಾಸುತ್ತಿದ್ದೆ. ಆರದ ಹಾಗೆ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುತ್ತಿದ್ದೆ. 20 ನಿಮಿಷ ಬಿಟ್ಟು ಎತ್ತಿದರೆ ಅಂಟು ಉಬ್ಬಿ ಸುಕ್ಕುಗಟ್ಟಿರುತ್ತಿತ್ತು, ಕಾದ ಹಾಲಿನ ಕೆನೆಯ ಹಾಗೆ. ಪ್ಲಾಸ್ಟಿಕ್ ಪುಟ್ಟಿ ಬ್ಲೇಡ್ ಒರಗಿಸಿ ತಳ್ಳಿದರೆ ಸುರುಳಿ ಸುತ್ತಿಕೊಂಡು ಬರುತ್ತಿತ್ತು. ಪ್ರತಿ ಸಲ ತಳ್ಳಿದ ಮೇಲೂ ಬ್ಲೇಡ್ ಒರೆಸಿಕೊಳ್ಳಬೇಕು, ಇಲ್ಲದಿದ್ದರೆ ತೆಗೆದ ಅಂಟನ್ನೇ ಮತ್ತೆ ಬಳಿದಂತಾಗುತ್ತದೆ. ಕಬ್ಬಿಣದ ಪಟ್ಟಿ ಬೇಡ. ಗ್ರೈಂಡರಿಗೆ ತಂತಿ ಬ್ರಶ್ ಹಾಕಿ ಬೇಗ ಮುಗಿಸಿಕೊಡುತ್ತೇನೆ ಅಂತ ಒಬ್ಬರು ಮುಂದೆ ಬಂದರು, ಬೇಡ ಅಂದೆ. ಅಂಟಿನ ಜೊತೆ ಜೆಲ್‌ಕೋಟೂ ಹೋಗುತ್ತದೆ.

ಟರ್ಪೆಂಟೈನ್ ಇಟ್ಟ ಜಾಗಕ್ಕೆ ಹೇರ್ ಡ್ರೈಯರ್ ತರಲೇಬೇಡಿ, ಬೆಂಕಿ ಹತ್ತುತ್ತದೆ. ಬಿಸಿಯ ಕೆಲಸ ಪೂರ್ತಿ ಮುಗಿಸಿ ಪ್ಲಗ್ ಕಿತ್ತ ಮೇಲೆಯೇ ಡಬ್ಬ ತೆರೆಯುವುದು ನಮ್ಮ ನಿಯಮವಾಗಿತ್ತು. ಕೈಗೆ ನೈಟ್ರೈಲ್ ಗ್ಲೌಸ್, ಶೆಡ್ಡಿನಲ್ಲಿ ಬೀಡಿ ಇಲ್ಲ. ನೆನೆದ ಬಟ್ಟೆಗಳನ್ನು ರಾಶಿ ಹಾಕದೆ ಬೇಲಿಯ ಮೇಲೆ ಬಿಡಿಬಿಡಿಯಾಗಿ ಒಣಗಿಸಿದೆವು.

ಅಲ್ಲಲ್ಲಿ ಗೆರೆ ಗೆರೆಯಾಗಿ ಉಳಿದ ಅಂಟಿಗೆ ಉಪಾಯ ಹೇಳಿದವರು ಕುಶಾಲನಗರದಲ್ಲಿ ಗಾಡಿಗಳಿಗೆ ಸ್ಟಿಕ್ಕರ್ ಹಾಕುವ ಅಂಗಡಿಯವರು. "ಮೇಡಂ, ನಾವು ಹಳೇ ಸ್ಟಿಕ್ಕರ್ ತೆಗೆಯೋದು ಇದರಲ್ಲೇ" ಅಂತ ಡ್ರಿಲ್ಲಿಗೆ ಸಿಕ್ಕಿಸುವ ರಬ್ಬರ್ ಚಕ್ರ ತೋರಿಸಿದರು. ಪೆನ್ಸಿಲ್ ಅಳಿಸುವ ರಬ್ಬರಿನ ಹಾಗೆಯೇ ಅದು ಅಂಟನ್ನು ಉಂಡೆ ಉಂಡೆಯಾಗಿ ಉದುರಿಸುತ್ತದೆ. ಒಂದೇ ಕಡೆ ಒತ್ತಿ ಹಿಡಿದರೆ ಸುಟ್ಟ ಕಲೆ ಬೀಳುತ್ತದೆ, ನಿಧಾನದ ವೇಗದಲ್ಲಿ ಆಡಿಸುತ್ತಲೇ ಇರಬೇಕು. ಇಡೀ ದೋಣಿಗೆ ಎರಡು ಚಕ್ರ ಸವೆದವು. ಕೊನೆಯಲ್ಲಿ ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಮೆಡಿಕಲ್‌ನಿಂದ ತಂದ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬಿಳಿ ಬಟ್ಟೆ ಅದ್ದಿ ಒರೆಸಿದೆ. ಬಟ್ಟೆ ಬೆಳ್ಳಗೇ ಬರುವ ತನಕ ಒರೆಸಿದೆ. ಫೋಮ್ ಕೀಳಲು ಹಿಡಿದದ್ದು ಒಂದು ದಿನ, ಅಂಟಿಗೆ ನಾಲ್ಕು. ಸೀಟಿನ ಸ್ಕ್ರೂ ತೂತುಗಳ ಸುತ್ತ ಕೂದಲೆಳೆಯ ಬಿರುಕುಗಳು ಕಂಡವು, ಅವಕ್ಕೆ ಇಪಾಕ್ಸಿ ತುಂಬಿದೆ.

ಕಾರ್ಪೆಟ್ಟಿಗೆ ಮೈಸೂರಿಗೆ ಹೋದೆ. ಬೇಕಾದದ್ದು ಪಾಲಿಪ್ರೊಪಿಲೀನ್ ಕಾರ್ಪೆಟ್. ಹಗ್ಗ, ಚೀಲ ಮಾಡುವ ಪ್ಲಾಸ್ಟಿಕ್ಕೇ ಅದು. ಎಳೆ ನೀರು ಹೀರುವುದಿಲ್ಲ, ಕೊಳೆಯುವುದಿಲ್ಲ. ಅಂಗಡಿಯಲ್ಲಿ ಎಲ್ಲವನ್ನೂ "ವಾಟರ್‌ಪ್ರೂಫ್" ಅಂತಲೇ ಹೇಳುತ್ತಾರೆ. ನಾನು ಪ್ರತಿ ತುಂಡಿನಿಂದ ನಾಲ್ಕು ಎಳೆ ಕೇಳಿ ಪಡೆದು, ಸೋಪಿನ ಹನಿ ಹಾಕಿದ ನೀರಿನ ಲೋಟದಲ್ಲಿ ಗುಳ್ಳೆ ಹೋಗುವ ಹಾಗೆ ಹಿಸುಕಿ ಬಿಟ್ಟೆ. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲುತ್ತದೆ. ನೈಲಾನ್, ಪಾಲಿಯೆಸ್ಟರ್ ಮುಳುಗುತ್ತವೆ. ಮೂರು ಮುಳುಗಿದವು, ಒಂದು ತೇಲಿತು. ಅದನ್ನೇ ಕೊಂಡೆ. ಆರು ಅಡಿ ಅಗಲದ್ದು, ಹತ್ತು ಅಡಿ ಉದ್ದ, ಚದರ ಅಡಿಗೆ 40 ರೂಪಾಯಿ.

ಅಡಿಯಲ್ಲಿ ರಬ್ಬರ್ ಪದರ ಇರುವುದು ಬೇಡ ಅಂದೆ. ಅಂಗಡಿಯವರು ರಬ್ಬರಿನದೇ ಬಾಳಿಕೆ ಬರುತ್ತದೆ ಅಂದರು. ಬಯಲುಸೀಮೆಯಲ್ಲಿ ಇರಬಹುದು. ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 120 ಇಂಚು ಮಳೆ. ನಮ್ಮ ಕಡೆ ಅಷ್ಟಿಲ್ಲದಿದ್ದರೂ ಜುಲೈನಲ್ಲಿ ಬಟ್ಟೆ ವಾರವಾದರೂ ಒಣಗುವುದಿಲ್ಲ. ಇಲ್ಲಿ ಹಾಸಿದ್ದು ಏನೇ ಇರಲಿ, ಒಂದು ದಿನ ಬಿಸಿಲು ಕಂಡಾಗ ಎತ್ತಿ ಹೊರಗೆ ಹಾಕುವ ಹಾಗಿರಬೇಕು. ಫೋಮ್ ಕೆಟ್ಟದ್ದೂ ಅದು ಅಲ್ಲಿಂದ ಏಳದೆ ಇದ್ದದ್ದಕ್ಕೇ. ಆದ್ದರಿಂದ ಕಾರ್ಪೆಟ್ಟನ್ನು ಪೂರ್ತಿ ಅಂಟಿಸದೆ ವೆಲ್ಕ್ರೋ ಪಟ್ಟಿಯ ಮೇಲೆ ಕೂರಿಸುವುದು ಎಂದುಕೊಂಡೆ. ರಬ್ಬರ್ ಇಲ್ಲದ ಕಾರ್ಪೆಟ್ಟಿನ ಅಡಿಭಾಗ ಫೆಲ್ಟಿನ ಹಾಗೆ ಇರುವುದರಿಂದ ವೆಲ್ಕ್ರೋದ ಮುಳ್ಳಿನ ಪಟ್ಟಿ ಅದನ್ನು ನೇರವಾಗಿ ಕಚ್ಚಿ ಹಿಡಿಯುತ್ತದೆ.

ನೆಲದ ಅಳತೆಗೆ ಹಳೆಯ ಪೇಪರ್‌ಗಳನ್ನು ಟೇಪ್ ಹಾಕಿ ಜೋಡಿಸಿ ನಮೂನೆ ಮಾಡಿದೆ. ಕಾರ್ಪೆಟ್ಟನ್ನು ಬೆನ್ನು ಮೇಲೆ ಮಾಡಿ ಕತ್ತರಿಸುವುದರಿಂದ ನಮೂನೆಯನ್ನೂ ಮಗುಚಿ ಇಡಬೇಕು. ಇದು ನೆನಪಿರಲಿ, ಎಡ ಬಲ ಅದಲು ಬದಲಾದರೆ ತುಂಡು ದಂಡ. ಸುತ್ತ ಅರ್ಧ ಇಂಚು ಬಿಟ್ಟು ಕತ್ತರಿಸಿ, ದೋಣಿಯಲ್ಲಿಟ್ಟು ನೋಡಿ ಅಂಚು ಸವರಿದೆ. ಅಂಚಿನ ಎಳೆ ಬಿಡದ ಹಾಗೆ ಕಾರಿನ ಸೀಟ್ ಕವರ್ ಹೊಲಿಯುವವರ ಹತ್ತಿರ ರೆಕ್ಸಿನ್ ಪಟ್ಟಿ ಹಾಕಿಸಿದೆ.

ವೆಲ್ಕ್ರೋದ ಹಿಂದೆ ಬರುವ ಅಂಟು ಬಿಸಿಲಿಗೆ ಬಿಡುತ್ತದೆ. ಅಂಟಿಲ್ಲದ ಪಟ್ಟಿ ತಂದು ಫೆವಿಕಾಲ್ ಎಸ್‌ಆರ್ ಎಂಬ ರಬ್ಬರ್ ಅಂಟು ಬಳಸಿದೆ. ದೋಣಿಗೂ ಪಟ್ಟಿಗೂ ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಟ್ಟರೆ ಜಿಗುಟಿದ್ದೂ ಎಳೆ ಬರದ ಹದಕ್ಕೆ ಕಾದೆ. ಆ ದಿನದ ಹವೆಯಲ್ಲಿ 15 ನಿಮಿಷ ಹಿಡಿಯಿತು. ಒಮ್ಮೆ ತಾಗಿದರೆ ಸರಿಸಲಾಗುವುದಿಲ್ಲ, ಅದಕ್ಕೆ ಮೊದಲೇ ಪೆನ್ಸಿಲ್ ಗೆರೆ ಎಳೆದುಕೊಂಡಿದ್ದೆ. ಮೇಲೆ ಲಟ್ಟಣಿಗೆ ಉರುಳಿಸಿ ಒತ್ತಿದೆ. ಸುತ್ತ ಒಂದು ಪಟ್ಟಿ, ಅಡ್ಡಕ್ಕೆ ಎರಡು. ಅಡ್ಡ ಪಟ್ಟಿಯ ನಡುವೆ ಸಂದು ಬಿಟ್ಟೆ, ನೀರು ಹಿಂದಿನ ಡ್ರೈನ್ ತೂತಿಗೆ ಹರಿಯಲೆಂದು. ಮುಂದಿನ ಮೆಟ್ಟಿಲಿನ ಪುಟ್ಟ ತುಂಡಿಗೆ ಮಾತ್ರ, ಹತ್ತುವಾಗ ಜಾರಬಾರದು ಎಂದು, ಪೂರ್ತಿ ಅಂಟು ಹಾಕಿದೆ.

ಈಗ ಒಂದು ಮಳೆಗಾಲ ಕಳೆದಿದೆ. ಬಿಡುವು ಸಿಕ್ಕ ದಿನವೆಲ್ಲ ಕಾರ್ಪೆಟ್ ಕಿತ್ತು ಕಾಫಿ ಕಣದಲ್ಲಿ ಹರಡುತ್ತಿದ್ದೆವು. ಮಳೆ ಬಿಡದ ವಾರಗಳಲ್ಲಿ ಒಲೆಯ ಅಟ್ಟದ ಮೇಲೆ ಸೌದೆಯ ಜೊತೆ ಇಟ್ಟೆವು. ದೋಣಿ ಸುಮ್ನೆ ನಿಂತಿರುವಾಗ ಬಿಸಿಲು ತಾಗದ ಹಾಗೆ ಟಾರ್ಪಾಲು ಹಾಕುತ್ತೇವೆ, ಪಾಲಿಪ್ರೊಪಿಲೀನ್ ನೀರಿಗೆ ಹೆದರದಿದ್ದರೂ ಬಿಸಿಲಿಗೆ ಪುಡಿಯಾಗುತ್ತದೆ. ನೆಲ ಒಣಗಿದೆ, ವಾಸನೆ ಇಲ್ಲ, ಒದ್ದೆ ಕಾಲು ಜಾರುವುದಿಲ್ಲ. ಮಕ್ಕಳು ಬರಿಗಾಲಲ್ಲಿ ಕೂತುಕೊಳ್ಳುತ್ತಾರೆ. ಹತ್ತಿಸುವ ಮೊದಲು ಒಂದು ಅಂಚು ಎತ್ತಿ ಅಡಿಯಲ್ಲಿ ಜಿಗಣೆ ಇಲ್ಲವೆಂದು ನೋಡಿಕೊಳ್ಳುತ್ತೇನೆ.

ಅಂಟಿಸಿದ ಮೆಟ್ಟಿಲಿನ ತುಂಡು ಮಾತ್ರ ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಮುಗ್ಗಲು ವಾಸನೆ ಹಿಡಿಯಿತು. ಒಂದು ಮೂಲೆ ಎತ್ತಿ ನೋಡಿದರೆ ಅಡಿಯಲ್ಲಿ ಅದೇ ಕಪ್ಪು. ಕಣಕ್ಕೆ ಕಾಫಿ ಬರುವ ಮುಂಚೆ ಅದನ್ನೂ ಕಿತ್ತು ವೆಲ್ಕ್ರೋ ಹಾಕಬೇಕು. ನಮೂನೆಯ ಪೇಪರ್ ತೆಗೆದಿಟ್ಟಿದ್ದೇನೆ, ಅರ್ಧ ಡಬ್ಬ ಟರ್ಪೆಂಟೈನೂ ಉಳಿದಿದೆ.